ಕೋಲಾರದ ವೈರಸ್‌ಗೆ ಸಿಕ್ಕ ಭಾಗ್ಯ ಕ್ಯಾಸನೂರಿನ ವೈರಸ್‌ಗೆ ಏಕೆ ಸಿಗಲಿಲ್ಲ?

ಮಂಗನ ಕಾಯಿಲೆಯ ಲಸಿಕೆಯ ವಿಷಯ ಬಂದರೆ ಮಲೆನಾಡಿನಲ್ಲಿ ಮೊದಲು ಕೇಳುವ ದೂರು ತೋಳಿನ ಉರಿ, ನೋವಿನದು. ಒಂದು ಡೋಸ್ ಹಾಕಿಸಿಕೊಂಡವರಲ್ಲಿ ಅನೇಕರು ಎರಡನೆಯದಕ್ಕೆ ಬರಲಿಲ್ಲ, ಎರಡನೆಯದಕ್ಕೆ ಬಂದವರಲ್ಲಿ ಅನೇಕರು ಬೂಸ್ಟರ್‌ಗೆ ಬರಲಿಲ್ಲ. ಇದನ್ನು ಜನರ ಅಸಡ್ಡೆ ಎಂದು ವರದಿಯಲ್ಲಿ ಬರೆದು ಮುಗಿಸುವುದು ಸುಲಭ. ಆದರೆ ಒಣಗಿದ ದರಗೆಲೆ ಗುಡಿಸಿ ತರಲು, ಸೊಪ್ಪು ತರಲು ದಿನವೂ ಬೆಟ್ಟಕ್ಕೆ ಹೋಗಲೇಬೇಕಾದವರ ಕೈಗೆ ನಾವು ಕೊಟ್ಟ ಲಸಿಕೆ ಎಂಥದ್ದು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಉಣುಗಿನಿಂದ ಹರಡುವ ಈ ಕಾಯಿಲೆಯ ವೈರಸ್ಸನ್ನು ಪತ್ತೆ ಹಚ್ಚಿದರು. ರಷ್ಯಾದ ಮಿದುಳುಜ್ವರದ ವೈರಸ್ಸಿಗೆ ಇದು ಹತ್ತಿರದ ಸಂಬಂಧಿ ಎಂದು ತಿಳಿದು, ಅದಕ್ಕಾಗಿ ಇಲಿಯ ಮಿದುಳಿನಲ್ಲಿ ತಯಾರಿಸಿದ್ದ ಲಸಿಕೆಯನ್ನೇ ಇಲ್ಲಿಯೂ ಕೊಟ್ಟು ನೋಡಿದರು; ರಕ್ಷಣೆ ಸಿಗಲಿಲ್ಲ. ಮುಂದೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ಬಂತು. 1990–92ರ ಕ್ಷೇತ್ರ ಪರೀಕ್ಷೆಯಲ್ಲಿ ಎರಡು ಡೋಸ್‌ಗಳಿಂದ ಶೇ. 93.5ರಷ್ಟು ರಕ್ಷಣೆ ಕಂಡುಬಂದಿತ್ತು. 2005ರಿಂದ 2010ರವರೆಗಿನ ಅಂಕಿ ಅಂಶಗಳನ್ನು ನೋಡಿದಾಗ ಅದು ಸುಮಾರು ಶೇ. 62ಕ್ಕೆ ಇಳಿದಿತ್ತು, ಬೂಸ್ಟರ್ ಸೇರಿಸಿದರೆ ಶೇ. 83. ಕೊನೆಗೆ 2022ರಲ್ಲಿ ಲಸಿಕೆ ಹಾಕುವುದೇ ನಿಂತುಹೋಯಿತು.

ಇದರ ಪಕ್ಕದಲ್ಲಿ ಇನ್ನೊಂದು ಕಥೆಯನ್ನು ಇಟ್ಟು ನೋಡಬೇಕು. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾದ ಹಸಿರು ಮಂಗದ ಮೂತ್ರಪಿಂಡದಿಂದ ವೀರೋ ಎಂಬ ಜೀವಕೋಶ ಸಂತತಿಯನ್ನು ಬೆಳೆಸಲಾಯಿತು. ಕೋಳಿ ಭ್ರೂಣದ ಕೋಶಗಳಿಗಾಗಿ ಪ್ರತಿ ಬ್ಯಾಚಿಗೂ ಹೊಸ ಮೊಟ್ಟೆ ಬೇಕು, ಆ ಕೋಶಗಳು ಕೆಲವು ಪೀಳಿಗೆಗಳಲ್ಲಿ ಸಾಯುತ್ತವೆ. ವೀರೋ ಹಾಗಲ್ಲ, ಹೆಪ್ಪಿಗೆಂದು ಎತ್ತಿಟ್ಟ ಮೊಸರಿನ ಹಾಗೆ, ದ್ರವ ಸಾರಜನಕದಲ್ಲಿ ಕಾದಿಟ್ಟ ಒಂದೇ ಮೂಲದಿಂದ ಬೇಕೆಂದಾಗ ಬೇಕಾದಷ್ಟು ಬೆಳೆಸಿಕೊಳ್ಳಬಹುದು. ರಾಷ್ಟ್ರೀಯ ವೈರಾಣು ಸಂಸ್ಥೆಯು ನಮ್ಮ ಕೋಲಾರದಲ್ಲಿ ಪ್ರತ್ಯೇಕಿಸಿದ್ದ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳುಜ್ವರದ ವೈರಸ್ಸನ್ನು ಇದೇ ವೀರೋ ಕೋಶಗಳಲ್ಲಿ ಬೆಳೆಸಿ, ಭಾರತ್ ಬಯೋಟೆಕ್ ಕಂಪನಿಯು 2013ರಲ್ಲಿ ಜೆನ್‌ವ್ಯಾಕ್ ಲಸಿಕೆಯನ್ನು ಹೊರತಂದಿತು. ಎರಡೂ ವೈರಸ್ಸುಗಳು ಒಂದೇ ಫ್ಲೇವಿವೈರಸ್ ಕುಟುಂಬದವು, ಎರಡೂ ಇದೇ ರಾಜ್ಯದಲ್ಲಿ ಸಿಕ್ಕವು, ಎರಡನ್ನೂ ಅಧ್ಯಯನ ಮಾಡಿದ್ದು ಪುಣೆಯ ಒಂದೇ ಸಂಸ್ಥೆ.

ಕೋಳಿ ಭ್ರೂಣದ ವಿಧಾನವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ದಡಾರದ ಲಸಿಕೆ ಇಂದಿಗೂ ಅದರಲ್ಲಿಯೇ ತಯಾರಾಗುತ್ತದೆ. ಇಲ್ಲಿ ಆದದ್ದೇನೆಂದರೆ, ಒಮ್ಮೆ ಪರವಾನಗಿ ಸಿಕ್ಕ ಮೇಲೆ ಆ ಲಸಿಕೆಯನ್ನು ಸುಧಾರಿಸುವ ಹೊಣೆ ಯಾರದೂ ಆಗಲಿಲ್ಲ. ಜಪಾನೀಸ್ ಮಿದುಳುಜ್ವರ ಏಷ್ಯಾದ ಹಲವು ದೇಶಗಳ ಕಾಯಿಲೆಯಾದ್ದರಿಂದ ಅದರ ಲಸಿಕೆಗೆ ಮಾರುಕಟ್ಟೆ ಇತ್ತು. ಮಂಗನ ಕಾಯಿಲೆ ಬಹುಕಾಲ ಶಿವಮೊಗ್ಗ, ಉತ್ತರ ಕನ್ನಡದ ಸುತ್ತಮುತ್ತಲಿನದ್ದು. ಅದು ವಯನಾಡು, ನೀಲಗಿರಿ, ಗೋವಾ, ಸಿಂಧುದುರ್ಗಕ್ಕೆ ಕಾಲಿಟ್ಟ ಮೇಲೆ ದೆಹಲಿಯ ಕಿವಿ ಸ್ವಲ್ಪ ನೆಟ್ಟಗಾಯಿತು ಎನ್ನುವುದು ನನ್ನ ಅನುಮಾನ.

ಔಷಧದ ವಿಷಯದಲ್ಲಿಯೂ ಇದೇ ಪಾಡು. ವೀರೋ ಕೋಶಗಳನ್ನು 96 ಗುಳಿಗಳ ತಟ್ಟೆಯಲ್ಲಿ ಬೆಳೆಸಿ, ಒಂದೊಂದು ಗುಳಿಗೂ ವೈರಸ್ ಜೊತೆ ಬೇರೆ ಬೇರೆ ರಾಸಾಯನಿಕವನ್ನು ಹಾಕಿ, ಕೆಲವು ದಿನಗಳ ನಂತರ ನೇರಳೆ ಬಣ್ಣ ಹಚ್ಚಿದರೆ, ಬದುಕಿದ ಕೋಶಗಳಿರುವ ಗುಳಿ ಬಣ್ಣ ಹಿಡಿಯುತ್ತದೆ, ಸತ್ತವುಗಳ ಗುಳಿ ಬೋಳಾಗಿ ಕಾಣುತ್ತದೆ. ಬಣ್ಣ ಹಿಡಿದ ಗುಳಿಯ ರಾಸಾಯನಿಕ ವೈರಸ್ಸನ್ನು ತಡೆದಿದೆ ಎಂದರ್ಥ. ಬೇರೆ ಕಾಯಿಲೆಗೆಂದು ಈಗಾಗಲೇ ಒಪ್ಪಿಗೆ ಪಡೆದ ಔಷಧಗಳನ್ನೂ ಹೀಗೆ ಸಾಲಾಗಿ ಜಾಲಾಡಬಹುದು. ಆದರೆ ಜೀವಂತ ಕ್ಯಾಸನೂರು ವೈರಸ್ಸನ್ನು ಮುಟ್ಟಲು ಉನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯ ಬೇಕು. ಅಂಥವು ದೇಶದಲ್ಲಿ ಬೆರಳೆಣಿಕೆಯಷ್ಟಿವೆ. ಹೀಗಾಗಿ ಈ ಕಾಯಿಲೆಗೆಂದೇ ಒಪ್ಪಿಗೆ ಪಡೆದ ಔಷಧವಿಲ್ಲ. ವೈದ್ಯರು ಜ್ವರಕ್ಕೆ, ನಿರ್ಜಲೀಕರಣಕ್ಕೆ, ರಕ್ತಸ್ರಾವಕ್ಕೆ ಚಿಕಿತ್ಸೆ ಕೊಟ್ಟು ಕಾಯುತ್ತಾರೆ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಎರಡು ಡೋಸ್‌ಗಳ ಹೊಸ ಲಸಿಕೆಯ ಕೆಲಸದಲ್ಲಿ ತೊಡಗಿವೆ. ಪ್ರಕರಣಗಳು ವರ್ಷದಿಂದ ವರ್ಷಕ್ಕೆ ಏರಿಳಿಯುವ, ಊರಿಂದ ಊರಿಗೆ ಜಿಗಿಯುವ ಇಂಥ ಕಾಯಿಲೆಯಲ್ಲಿ ಲಸಿಕೆಯ ಫಲವನ್ನು ಸಾಬೀತುಪಡಿಸುವುದೇ ಕಷ್ಟದ ಕೆಲಸ. ಆದ್ದರಿಂದ ಕಂಪನಿಯು ನಷ್ಟದ ಭಯದಿಂದ ನಡುವೆ ಕೈಬಿಡದಂತೆ ರಾಜ್ಯ ಸರ್ಕಾರ ಹತ್ತು ವರ್ಷದ ಖರೀದಿಯ ಮಾತನ್ನು ಈಗಲೇ ಬರಹದಲ್ಲಿ ಕೊಡಬೇಕು. ಪ್ರತಿ ಬ್ಯಾಚಿನ ಸಾಮರ್ಥ್ಯ ಪರೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ, ಆಯಾ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಅಂಟಿಸಬೇಕು.