ಕೋವಿಡ್ ನೆನಪಿಗೆ ಪ್ರತಿಮೆ ಬೇಡ, ಒಂದು ಗೋಡೆ ಕೊಡಿ

ಲಂಡನ್ನಿಗೆ ಬರುವ ಕನ್ನಡಿಗರು ಥೇಮ್ಸ್ ದಂಡೆಯ ಬಸವಣ್ಣನವರ ಪ್ರತಿಮೆ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬೇಕಾದ್ದೇ. 2015ರಲ್ಲಿ ಅದು ಅನಾವರಣ ಆದಾಗ ಇಲ್ಲಿನ ನಮಗೆಲ್ಲ ಆದ ಖುಷಿ ಅಷ್ಟಿಷ್ಟಲ್ಲ. ಆದರೆ ಹೆಚ್ಚಿನವರು ಅಲ್ಲಿಂದಲೇ ವಾಪಸ್ ಹೋಗಿಬಿಡುತ್ತಾರೆ. ಅದೇ ದಂಡೆಯಲ್ಲಿ ಲ್ಯಾಂಬೆತ್ ಸೇತುವೆ ಕಡೆಗೆ ಹೋಗಿ, ಇನ್ನೂ ಸ್ವಲ್ಪ ಮುಂದೆ ನಡೆದರೆ ಸೇಂಟ್ ಥಾಮಸ್ ಆಸ್ಪತ್ರೆಯ ಗೋಡೆ ಸಿಗುತ್ತದೆ. ಸುಮಾರು ಅರ್ಧ ಕಿಲೋಮೀಟರ್ ಉದ್ದ. ಅದರ ತುಂಬ ಕೈಯಲ್ಲಿ ಬಿಡಿಸಿದ ಕೆಂಪು ಹೃದಯಗಳು. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು.

ಇದನ್ನು ಸರ್ಕಾರ ಮಾಡಿಸಿದ್ದಲ್ಲ. 2021ರ ಮಾರ್ಚ್ ಕೊನೆಯಲ್ಲಿ, ಮನೆಯವರನ್ನು ಕಳೆದುಕೊಂಡ ಕುಟುಂಬಗಳ ಗುಂಪೊಂದು ಇನ್ನೊಂದು ಚಳವಳಿಗಾರರ ಗುಂಪಿನ ಜೊತೆ ಸೇರಿ, ಪರ್ಮಿಷನ್‌ಗೆ ಅಂತ ಕಾಯದೆ, ಪೆನ್ನು ಹಿಡಿದು ಶುರು ಮಾಡಿಬಿಟ್ಟಿತು. ಮೊದಲ ಸುತ್ತಿನಲ್ಲೇ ಸುಮಾರು ಒಂದೂವರೆ ಲಕ್ಷ ಹೃದಯ. ಈಗ 2.4 ಲಕ್ಷ ದಾಟಿದೆ. ಜಾಗ ಆರಿಸಿದ್ದೂ ಬೇಕಂತಲೇ: ನದಿಯ ಆ ಕಡೆ, ನೇರ ಎದುರಿಗೆ ಪಾರ್ಲಿಮೆಂಟ್. ಒಳಗೆ ಕೂತು ನಿರ್ಧಾರ ಮಾಡಿದವರು ಕಿಟಕಿಯಿಂದ ತಲೆ ಎತ್ತಿದರೆ ಇದು ಕಾಣಬೇಕು.

ಒಂದು ತೊಂದರೆ ಬೇಗ ಗೊತ್ತಾಯಿತು. ಮೊದಲು ಬಳಸಿದ ಮಾರ್ಕರ್ ಬಣ್ಣ ಬಿಸಿಲು ಮಳೆಗೆ ನಿಲ್ಲಲಿಲ್ಲ. ಕೆಂಪು ಮಾಸಿ ತಿಳಿ ಗುಲಾಬಿಯಾಯಿತು, ಒಳಗೆ ಬರೆದಿದ್ದ ಹೆಸರುಗಳು ಅಳಿಸಿಹೋದವು. ಆಗಿನಿಂದ ಸ್ವಯಂಸೇವಕರು ಪ್ರತಿ ಶುಕ್ರವಾರ ಗೋಡೆಗೆ ಹಚ್ಚುವ ಗಟ್ಟಿ ಪೇಂಟ್ ಹಿಡಿದು ಬರುತ್ತಾರೆ. ಅವರಲ್ಲಿ ಹೆಚ್ಚಿನವರು ತಮ್ಮವರನ್ನೇ ಕಳೆದುಕೊಂಡವರು. ಮಂಡಿಯೂರಿ ಕೂತು ಸಣ್ಣ ಬ್ರಷ್ಷಿನಲ್ಲಿ ಹೃದಯದ ಅಂಚು ತಪ್ಪದ ಹಾಗೆ ತುಂಬುತ್ತಾರೆ, ಒಣಗಲು ಬಿಡುತ್ತಾರೆ, ಆಮೇಲೆ ಅದೇ ಹೆಸರನ್ನು ಮತ್ತೆ ಬರೆಯುತ್ತಾರೆ. ಅವರು ಬರೆಯುವ ಹೆಸರು ಅವರ ಮನೆಯವರದ್ದೇ ಆಗಿರಬೇಕು ಅಂತೇನಿಲ್ಲ. ಯಾರದೋ ಅಜ್ಜಿ, ಯಾರದೋ ಗಂಡ. ದಾರಿಹೋಕರು ನಿಂತು ಕೇಳಿದರೆ ಕೆಲಸ ಮಾಡುತ್ತಲೇ ಹೇಳುತ್ತಾರೆ. ಬಣ್ಣ ಮೊದಲೇ ಗಟ್ಟಿಯಾಗಿದ್ದಿದ್ದರೆ ಈ ಶುಕ್ರವಾರಗಳು ಇರುತ್ತಿರಲಿಲ್ಲ, ಅಲ್ವಾ? ಸಾರ್ವಜನಿಕ ಸ್ಮಾರಕ ಅಂದರೆ ಹೀಗೆ ಜನರಿಗೆ ಏನಾದರೂ ಕೆಲಸ ಉಳಿಸಬೇಕು ಅಂತ ನನಗೆ ಬಲವಾಗಿ ಅನಿಸಿದ್ದು ಇಲ್ಲೇ.

ನಮ್ಮ ಕಡೆ ಏನಾಯಿತು? ಕರ್ನಾಟಕದಲ್ಲಿ ಸರ್ಕಾರಿ ಲೆಕ್ಕದಲ್ಲೇ 40,000ಕ್ಕೂ ಹೆಚ್ಚು ಜನ ಸತ್ತರು. 2021ರ ಮೇ 2ರ ರಾತ್ರಿ ಚಾಮರಾಜನಗರ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಇಲ್ಲದೆ ಜನ ಒದ್ದಾಡಿ ಸತ್ತಿದ್ದನ್ನು ಯಾರೂ ಮರೆಯುವ ಹಾಗಿಲ್ಲ. ಯಾರೂ ಬಂದು ತೆಗೆದುಕೊಳ್ಳದ ನೂರಾರು ಜನರ ಅಸ್ಥಿಯನ್ನು ಆ ಜೂನ್‌ನಲ್ಲಿ ಸರ್ಕಾರವೇ ಬೆಳಕವಾಡಿಯಲ್ಲಿ ಕಾವೇರಿಗೆ ಬಿಟ್ಟಿತು. ನಮ್ಮ ದೊಡ್ಡಪ್ಪ ಹೋಗಿದ್ದೂ ಅದೇ ಮೇ ತಿಂಗಳು, ಮೈಸೂರಿನಲ್ಲಿ. ಮುಖ ನೋಡಲೂ ಆಗಲಿಲ್ಲ. ಅಣ್ಣನೊಬ್ಬನೇ ಸ್ಮಶಾನಕ್ಕೆ ಹೋದ, ನಾವು ಇಲ್ಲಿ ಫೋನ್ ಹಿಡಿದು ಕೂತಿದ್ದೆವು. ಊರಿಗೆ ಹೋದಾಗ ಅವರ ಹೆಸರು ಹುಡುಕಿಕೊಂಡು ನಾನು ನಿಲ್ಲಬಹುದಾದ ಜಾಗ ಅಂತ ಇವತ್ತಿಗೂ ಒಂದಿಲ್ಲ.

ನಮಗೆ ಇಂಥದ್ದು ಗೊತ್ತಿಲ್ಲ ಅಂತಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಪ್ಲೇಗಮ್ಮನ ಗುಡಿಗಳು ಎದ್ದವು. ಮೊನ್ನೆ ಕೊಳ್ಳೇಗಾಲದ ಹತ್ತಿರ ಕೊರೊನಾ ಮಾರಮ್ಮನನ್ನೂ ಕೂರಿಸಿದರು. ಅದರ ಹಿಂದಿನ ಭಯ ಭಕ್ತಿ ನನಗೆ ಅರ್ಥವಾಗುತ್ತದೆ. ಆದರೆ ಗುಡಿಯಲ್ಲಿ ರೋಗಕ್ಕೆ ಒಂದು ಹೆಸರು ಸಿಕ್ಕಿತು, ಸತ್ತವರಿಗೆ ಸಿಗಲಿಲ್ಲ. ಹೆಸರು ಉಳಿಸುವ ಕೆಲಸ ಮಾಡಿದ್ದು ನಮ್ಮ ವೀರಗಲ್ಲುಗಳು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಹತ್ತನೇ ಶತಮಾನದಲ್ಲಿ, ಹಂದಿಯ ಜೊತೆ ಕಾದಾಡಿ ಸತ್ತ ಒಂದು ನಾಯಿಗೆ ಕಲ್ಲು ನಿಲ್ಲಿಸಿ 'ಕಾಳಿ' ಅಂತ ಅದರ ಹೆಸರನ್ನೂ ಕೆತ್ತಿಸಿದರು. ನಾಯಿಯ ಹೆಸರನ್ನು ಸಾವಿರ ವರ್ಷ ಉಳಿಸಿದ ನಾಡಿನಲ್ಲಿ ಸ್ಮಶಾನದಲ್ಲಿ ಹಗಲು ರಾತ್ರಿ ಹೆಣ ಸುಟ್ಟವರ, ಆಶಾ ಕಾರ್ಯಕರ್ತೆಯರ ಹೆಸರಿಗೆ ಜಾಗ ಇಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ನನ್ನ ಭಯ ಏನೆಂದರೆ, ಮುಂದೆ ಯಾವತ್ತಾದರೂ ಯೋಜನೆ ಅಂತ ಬಂದರೆ ಟೆಂಡರ್ ಕರೆದು ಸರ್ಕಲ್ಲಿನಲ್ಲಿ ಒಂದು ಪ್ರತಿಮೆ ನಿಲ್ಲಿಸಿ, ಗ್ರಾನೈಟ್ ಫಲಕದಲ್ಲಿ ಉದ್ಘಾಟಿಸಿದವರ ಹೆಸರು ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಬೇಡ. ಪ್ರತಿ ತಾಲ್ಲೂಕು ಆಸ್ಪತ್ರೆಯ ಕಾಂಪೌಂಡ್ ಗೋಡೆ ಕೊಡಿ, ಸಾಕು. ಅದನ್ನು ಲಂಡನ್ ಥರ ಹೃದಯಗಳಿಂದ ತುಂಬಿಸಬೇಕಾಗಿಲ್ಲ. ಸಾಗರ ಸೀಮೆಯಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುವ ಹೆಂಗಸರಿದ್ದಾರೆ. ಆಯಾ ಸೀಮೆಯವರು ತಮಗೆ ಗೊತ್ತಿರುವ ಚಿತ್ರ ಬರೆಯಲಿ, ಹೆಸರು ಮಾತ್ರ ಮನೆಯವರೇ ಬರೆಯಲಿ. ಕೆಮ್ಮಣ್ಣು ಮಳೆಗೆ ತೊಳೆದುಹೋಗುತ್ತದೆ, ಹೋಗಲಿ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವವರು ಅದರ ಹಿಂದಿನ ದಿನ ಬಂದು ಮತ್ತೆ ಬಳಿಯಲಿ, ಶಬ್-ಎ-ಬರಾತ್‌ಗೆ ಗೋರಿ ನೋಡಲು ಹೋಗುವವರು ಆಗ ಬರಲಿ, ನವೆಂಬರ್ 2ಕ್ಕೆ ಸಮಾಧಿಗೆ ಮೇಣದಬತ್ತಿ ಹಚ್ಚುವವರು ಆಗ ಬರಲಿ.

ಇನ್ನೊಂದು ಮಾತು. ಪರಿಹಾರದ ಹಣಕ್ಕೆ ಅಂತ ಎಷ್ಟು ಮನೆಯವರು ಕಾಗದ ಪತ್ರ ಹಿಡಿದು ಆಫೀಸುಗಳಿಗೆ ಅಲೆದರು. ಈ ಗೋಡೆಯ ಹತ್ತಿರ ಯಾರೂ ಸರ್ಟಿಫಿಕೇಟ್ ಕೇಳಬಾರದು. ಟೆಸ್ಟ್ ಆಗದೆ ಮನೆಯಲ್ಲೇ ಹೋದವರು, ಬೆಡ್ ಸಿಗದೆ ಆಟೋದಲ್ಲೇ ಜೀವ ಬಿಟ್ಟವರು, ಎಲ್ಲರ ಹೆಸರೂ ಬರಲಿ. ನಮ್ಮವರು ಕೋವಿಡ್‌ನಲ್ಲಿ ಹೋದರು ಅಂತ ಮನೆಯವರು ಬಂದು ಹೇಳಿದರೆ, ಅವರ ಕೈಗೆ ಬ್ರಷ್ ಕೊಡಿ.