ಮತ್ತೊಂದು ನಕ್ಷೆ ಬಂತು

ಶ್ರೀರಂಗಪಟ್ಟಣದ ಕಾವೇರಿ ಸ್ನಾನಘಟ್ಟದ ಅಭಿವೃದ್ಧಿಗೆ ಮತ್ತೊಂದು ನಕ್ಷೆ ಬಂದಿದೆಯಂತೆ. ಬಣ್ಣದ ಕಾರಂಜಿ, ಸೆಲ್ಫಿ ತಾಣ, ಗ್ರಾನೈಟ್ ಮೆಟ್ಟಿಲು, ಎಲ್ಲವೂ ಇವೆ. ಹೆಂಗಸರು ಬಟ್ಟೆ ಬದಲಿಸುವ ಕೋಣೆ ಎಲ್ಲಿ? ಪಿತೃಕಾರ್ಯಕ್ಕೆ ಬಂದು ಮುಳುಗು ಹಾಕಿದ ತಾಯಂದಿರು ಇನ್ನೆಷ್ಟು ವರ್ಷ ಸೀರೆಯ ಮರೆಯಲ್ಲಿ ನಡುಗುತ್ತ ನಿಲ್ಲಬೇಕು? 1948ರಲ್ಲಿ ಗಾಂಧೀಜಿಯ ಚಿತಾಭಸ್ಮ ವಿಸರ್ಜಿಸಿದ ಇಲ್ಲಿನ ಪಶ್ಚಿಮವಾಹಿನಿ ಘಟ್ಟದಲ್ಲಿ ಈಗ ಕಾಲಿಟ್ಟಲ್ಲೆಲ್ಲ ಬಿಟ್ಟುಹೋದ ಪಂಚೆ, ಒಡೆದ ಮಡಕೆ, ಪ್ಲಾಸ್ಟಿಕ್ ಚೀಲ, ಕೊಳೆತ ಹಾರ. ಮಹಾಲಯ ಅಮಾವಾಸ್ಯೆಯ ಮರುದಿನವಂತೂ ಕಾವೇರಿಯನ್ನೇ ಹುಡುಕಬೇಕು! ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ಮೆಟ್ಟಿಲು ಮುಳುಗುವ ಊರಿದು. ನೀರಿಳಿದ ಮೇಲೆ ಆ ನುಣುಪು ಗ್ರಾನೈಟಿನ ಮೇಲೆ ಪಾಚಿ ಕಟ್ಟಿದರೆ ವಯಸ್ಸಾದವರು ಎಲ್ಲಿ ಕಾಲೂರಬೇಕು? ನಕ್ಷೆ ಬರೆದವರು ಒಮ್ಮೆಯಾದರೂ ಇಲ್ಲಿ ನೀರಿಗೆ ಇಳಿದಿದ್ದಾರೆಯೇ?