ಗೊಂಬೆಯ ಪಾದಕ್ಕೂ ಮಣ್ಣು ಹತ್ತಬೇಕು

ದಸರೆಗೆ ಗೊಂಬೆ ಕೂರಿಸುವ ಮನೆಯಲ್ಲಿ ಬೆಳೆದವರಿಗೆ ರಾಗಿ ಪೈರಿನ ತಟ್ಟೆ ನೆನಪಿದ್ದೇ ಇರುತ್ತದೆ. ಹಬ್ಬಕ್ಕೆ ಹತ್ತು ದಿನ ಮೊದಲೇ ಅಜ್ಜಿ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತಿದ್ದರು. ಪಾಡ್ಯದ ಹೊತ್ತಿಗೆ ಬೆರಳುದ್ದದ ಹಸಿರು. ನಡುವೆ ಕನ್ನಡಿಯ ಚೂರು ಇಟ್ಟರೆ ಕೆರೆ, ಅದರ ದಂಡೆಯಲ್ಲಿ ಮಣ್ಣಿನ ಹಸು. ಬಂದವರೆಲ್ಲ ಪಟ್ಟದ ಗೊಂಬೆಗಳನ್ನು ನೋಡುತ್ತಿದ್ದರೆ ನಾನು ಆ ತಟ್ಟೆಯ ಮುಂದಿನಿಂದ ಏಳುತ್ತಿರಲಿಲ್ಲ.

ಈಗ ಮೈಸೂರಿನ ಬಾಡಿಗೆ ಮನೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ, 54 ಮಿ.ಮೀ. ಎತ್ತರದ ಮನುಷ್ಯರ ಗೊಂಬೆಗಳಿಗೆ ಬಣ್ಣ ಹಚ್ಚುತ್ತೇನೆ, ಅವರು ನಿಲ್ಲುವ ನೆಲವನ್ನೂ ಮಾಡುತ್ತೇನೆ. ನಾನು ಕಲಿತ ಪಾಠಗಳೆಲ್ಲ ಯುರೋಪಿನವರು ಹೇಳಿಕೊಟ್ಟವು. ಅವರಿಗೆ ಋಣಿ. ಆದರೆ ಮೈಬಣ್ಣ ಮತ್ತು ನೆಲ, ಈ ಎರಡರಲ್ಲಿ ಅವರನ್ನು ಕುರುಡಾಗಿ ಅನುಸರಿಸಿದರೆ ನಮ್ಮ ಗೊಂಬೆ ನಮ್ಮದಾಗುವುದಿಲ್ಲ ಎಂದು ಖಚಿತವಾಗಿ ನಂಬಿದ್ದೇನೆ.

ಕೆನ್ನೆ, ಮೂಗು, ಭುಜದ ಮೇಲೆ ಬೆಳಕು ತೋರಿಸಲು ಬಿಳಿ ಬೆರೆಸಿ ಎನ್ನುತ್ತದೆ ಪಾಠ. ನಮ್ಮ ಮೈಗೆ ಬಿಳಿ ಬೆರೆಸಿ ನೋಡಿ, ಬೂದಿ ಬಳಿದುಕೊಂಡ ಹಾಗೆ ಕಾಣುತ್ತದೆ. ಗಾಢ ಕಂದಿನ ಮೇಲೆ ಕೆಂಗಂದು, ಅದರ ಮೇಲೆ ಹಳದಿ ಮಣ್ಣಿನ ಬಣ್ಣ, ಒಂದೊಂದು ಪದರವೂ ಹಾಲಿನಷ್ಟು ತೆಳು: ಹೀಗೆ ಮಾಡಿದರೆ ಬಿಸಿಲಿನಲ್ಲಿ ದುಡಿದ ಮೈ ಬರುತ್ತದೆ. ಇಷ್ಟು ಚಿಕ್ಕ ದೇಹದ ಮೇಲೆ ಕೋಣೆಯ ಬೆಳಕು ಸಾಕಷ್ಟು ನೆರಳು ಮೂಡಿಸುವುದಿಲ್ಲ. ಪಂಚೆಯ ಮಡಿಕೆಯ ನೆರಳನ್ನೂ ನಾವೇ ಬರೆಯಬೇಕು.

ಇನ್ನು ನೆಲ. ಹೆಚ್ಚಿನವರು ಸಿದ್ಧ ಹಸಿರು ಹಾಸು ಕತ್ತರಿಸಿ ಅಂಟಿಸಿ ಮುಗಿಸುತ್ತಾರೆ. ನನಗೆ ಅದು ಸಹಿಸಲಾಗದ ಸಂಗತಿ. ನೆಲ ನೋಡಿದ ಕೂಡಲೇ ಆ ಮನುಷ್ಯ ಎಲ್ಲಿ ನಿಂತಿದ್ದಾನೆ ಎಂದು ತಿಳಿಯಬೇಡವೇ? 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಸಂಸ್ಥಾನದ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್‌ನ ಸವಾರನನ್ನು ಮಾಡುವಾಗಲೂ ಇದೇ ಮಾತು. ಅವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ದಾರಿ ಹತ್ತಿ ಶತ್ರುವಿನ ಫಿರಂಗಿಗಳತ್ತ ಹೋಯಿತು. ಬೇಸಿಗೆ ಕಳೆದ ಒಣ ಕಲ್ಲುನೆಲ ಅದು. ಮೈಸೂರಿನವನೆಂದು ಅವನನ್ನು ನಮ್ಮ ಕೆಂಪು ಮಣ್ಣಿನ ಮೇಲೆ ನಿಲ್ಲಿಸಿದರೂ ತಪ್ಪು, ಹುಲ್ಲಿನ ಮೇಲೆ ನಿಲ್ಲಿಸಿದರೂ ತಪ್ಪು.

ಈಗ ಕೈಯಲ್ಲಿರುವುದು ಆಲೆಮನೆ. ಊರು ಮಂಡ್ಯದ ಕಡೆ. ಬೆಲ್ಲದ ವಾಸನೆಯಲ್ಲೇ ಬೆಳೆದವನು ನಾನು. ಅಳತೆ ಮೂವತ್ತೆರಡರಲ್ಲಿ ಒಂದು ಪಾಲು. ಒಂದಡಿಯ ಬದು ಒಂದು ಸೆಂ.ಮೀ.ಗಿಂತ ಕೂದಲೆಳೆ ಕಡಿಮೆ, ಹತ್ತಡಿಯ ಕಬ್ಬು ಒಂಬತ್ತೂವರೆ ಸೆಂ.ಮೀ. ಈ ಲೆಕ್ಕದಲ್ಲಿ ಒಂದು ಮಿ.ಮೀ. ಮರಳಿನ ಕಣ ಮೂರು ಸೆಂ.ಮೀ.ನ ಜಲ್ಲಿಯಾಗಿಬಿಡುತ್ತದೆ. ಆದ್ದರಿಂದ ಮಣ್ಣನ್ನು ಜರಡಿ ಹಿಡಿದು, ಮತ್ತೆ ತೆಳುಬಟ್ಟೆಯಲ್ಲಿ ಸೋಸುತ್ತೇನೆ. ಮೊದಲ ಸಲ ಗದ್ದೆಯ ಮಣ್ಣನ್ನು ಹಾಗೆಯೇ ಅಂಟಿಸಿದ್ದೆ. ಮಳೆಗಾಲದಲ್ಲಿ ಮೂರು ತಿಂಗಳ ಕೆಲಸದ ಮೇಲೆ ಬಿಳಿ ಬೂಷ್ಟು ಬಂದು ಎಲ್ಲವನ್ನೂ ಎಸೆಯಬೇಕಾಯಿತು. ಅಂದು ಅತ್ತೇಬಿಟ್ಟೆ. "ಬಾಣಲೆಯಲ್ಲಿ ಹುರಿದು ಹಾಕಬೇಕಿತ್ತು ಕಣೋ" ಎಂದರು ಅಮ್ಮ. ಈಗ ಹುರಿದೇ ಹಾಕುತ್ತೇನೆ, ನೀರು ಬೆರೆಸಿದ ಅಂಟನ್ನು ಹನಿಹನಿಯಾಗಿ ಬಿಡುತ್ತೇನೆ. ಅಂಟು ಕುಡಿದ ಮಣ್ಣು ಕಪ್ಪಾಗುವುದರಿಂದ ನಿಜವಾದ ಮಣ್ಣಿಗೂ ಮಣ್ಣಿನ ಬಣ್ಣ ಹಚ್ಚಬೇಕು.

ಒಣಗಿದ ಕಬ್ಬಿನ ಸಿಪ್ಪೆಗೆ ತೆಂಗಿನ ನಾರನ್ನು ಕತ್ತರಿಸಿ ಹರಡಿದ್ದೇನೆ. ಕೊಪ್ಪರಿಗೆಯಲ್ಲಿ ಉಕ್ಕುವ ಕಬ್ಬಿನ ಹಾಲಿನ ನೊರೆ ಇನ್ನೂ ಒಲಿದಿಲ್ಲ. ನಾಲ್ಕು ಸಲ ಕೆರೆದು ತೆಗೆದೆ. ಒಲೆಗೆ ಸಿಪ್ಪೆ ನೂಕುವವನ ಪಾದಕ್ಕೆ, ಮೊಣಕಾಲಿನವರೆಗೂ, ನೆಲಕ್ಕೆ ಹಚ್ಚಿದ ಬಣ್ಣದ ಪುಡಿಯನ್ನೇ ಒಣ ಕುಂಚದಲ್ಲಿ ತಟ್ಟಿದೆ. ಅಷ್ಟು ಹೊತ್ತೂ ನೆಲದ ಮೇಲೆ ಇಟ್ಟ ಹಾಗಿದ್ದವನು ಅಲ್ಲೇ ಬೆಳಗಿನಿಂದ ದುಡಿಯುತ್ತಿರುವವನಂತೆ ಕಂಡ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಂಡ್ಯ, ಪಾಂಡವಪುರ, ಮದ್ದೂರಿನ ಸ್ನೇಹಿತರೇ, ನಿಮ್ಮ ಮನೆಯಲ್ಲಿ ಹಳೆಯ ಆಲೆಮನೆಯ ಫೋಟೊ ಇದ್ದರೆ ದಯವಿಟ್ಟು ಕಳುಹಿಸಿ. ಮಸುಕಾಗಿದ್ದರೂ ಪರವಾಗಿಲ್ಲ. ಒಲೆಯ ಬಾಯಿ ಎಷ್ಟು ಅಗಲವಿತ್ತು, ಅದರ ಸುತ್ತ ಮಸಿ ಎಲ್ಲಿಯವರೆಗೆ ಹಿಡಿದಿತ್ತು ಎಂಬುದು ಕಂಡರೆ ಸಾಕು.